ಮರೆಗೆ ಸರಿಯಲು ಒಂದು ಪೊದೆ

ವಿಯೆನ್ನಾದ ಷೋನ್‌ಬ್ರುನ್ ಅರಮನೆಯ ತೋಟದಲ್ಲಿ 1752ರಲ್ಲಿ ಶುರುವಾದ ಮೃಗಾಲಯ ಇಂದಿಗೂ ನಡೆಯುತ್ತಿದೆ. ಈಗ ಉಳಿದಿರುವವುಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಅದರ ಮೂಲ ನಕ್ಷೆಯೇ ಬಹಳಷ್ಟು ಹೇಳುತ್ತದೆ. ನಡುವೆ ಒಂದು ಮಂಟಪ, ಅದರ ಸುತ್ತ ಬಂಡಿಚಕ್ರದ ಅರೆಗಳಂತೆ ಹರಡಿದ ಆವರಣಗಳು. ಮಂಟಪದಲ್ಲಿ ಕುಳಿತ ರಾಜಮನೆತನದವರು ಕತ್ತು ತಿರುಗಿಸಿದರೆ ಸಾಕು, ಪ್ರಾಣಿಗಳೆಲ್ಲ ಕಣ್ಣಿಗೆ ಬೀಳಬೇಕು. ಲಂಡನ್ನಿನ ಮೃಗಾಲಯ 1828ರಲ್ಲಿ ತೆರೆದಾಗ ಅದು ವಿದ್ವಾಂಸರ ಸಂಘದ ಸದಸ್ಯರಿಗೆ ಮೀಸಲು. ಜನಸಾಮಾನ್ಯರಿಗೆ ಬಾಗಿಲು ತೆರೆದದ್ದು 1847ರಲ್ಲಿ. ನೋಡುವವರು ಬದಲಾದರು. ಆದರೆ ಆವರಣ ಯಾರ ಅನುಕೂಲಕ್ಕೆ ಎಂಬ ಪ್ರಶ್ನೆಗೆ ಉತ್ತರ ಬದಲಾಗಲಿಲ್ಲ. ಒಂದು ಮೃಗಾಲಯ ಎಷ್ಟು ಸುಧಾರಿಸಿದೆ ಎಂದು ತಿಳಿಯಲು ನಾನು ಹಿಡಿಯುವ ಅಳತೆಗೋಲು ಇದು: ನಮ್ಮ ಕಣ್ಣಿಗೆ ಬೀಳದೆ ಇರುವ ಅವಕಾಶ ಅಲ್ಲಿನ ಪ್ರಾಣಿಗೆ ಇದೆಯೇ?

ಈ ಅಳತೆಗೋಲು ಹಿಡಿದರೆ, ದೊಡ್ಡ ಕ್ರಾಂತಿ ಎನಿಸಿಕೊಂಡ ಬದಲಾವಣೆಯೂ ಅರ್ಧದಷ್ಟೇ ಎನಿಸುತ್ತದೆ. ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್ 1907ರಲ್ಲಿ ಹ್ಯಾಂಬರ್ಗ್ ಬಳಿ ತೆರೆದ ಮೃಗಾಲಯದಲ್ಲಿ ಸಿಂಹಕ್ಕೂ ಜನಕ್ಕೂ ನಡುವೆ ಕಂಬಿಯ ಬದಲು ಕಂದಕ ತೋಡಿಸಿದ. ಪ್ರಾಣಿಗೆ ಬಯಲು ಸಿಕ್ಕಿತು ನಿಜ. ಆದರೆ ಕಂಬಿ ಕಣ್ಣಿಗೆ ಅಡ್ಡ ಬರದಂತೆ ಆದದ್ದು ಮುಖ್ಯವಾಗಿ ನೋಡುವವನಿಗೆ. ಇದೇ ಹಾಗೆನ್‌ಬೆಕ್ ಅದಕ್ಕೂ ಮೊದಲು ಉತ್ತರ ಯುರೋಪಿನ ಸಾಮಿ, ಆಫ್ರಿಕಾದ ನುಬಿಯಾ ಜನರನ್ನು ಕರೆತಂದು ಟಿಕೆಟ್ ಇಟ್ಟು ಪ್ರದರ್ಶಿಸಿದ್ದ. ಮನುಷ್ಯರನ್ನೇ ನೋಟದ ಸರಕಾಗಿಸಿದವನ ಕಂದಕವನ್ನು ಕರುಣೆಯೊಂದರ ಫಲವೆಂದು ಒಪ್ಪಲು ನನ್ನಿಂದಾಗದು.

ನಮ್ಮ ಮೈಸೂರಿನ ಮೃಗಾಲಯವೂ ಅರಮನೆಯದಾಗಿಯೇ ಹುಟ್ಟಿತು. 10ನೇ ಚಾಮರಾಜೇಂದ್ರ ಒಡೆಯರು 1892ರಲ್ಲಿ ಸ್ಥಾಪಿಸಿದ ಅದಕ್ಕೆ 1909ರಲ್ಲಿ ಅವರದೇ ಹೆಸರು ಬಂತು. 1979ರಲ್ಲಿ ಮೃಗಾಲಯ ಪ್ರಾಧಿಕಾರ ರಚನೆಯಾಯಿತು. ಅಗಲವಾದ ಕಂದಕ, ಮರದ ನೆರಳಿನ ಆವರಣಗಳಿಗೆ ಈ ಮೃಗಾಲಯ ಹೆಸರುವಾಸಿ. ದೇಶದ ಮಟ್ಟದಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಬಂದದ್ದು 1992ರಲ್ಲಿ. ಪ್ರಾಣಿಯನ್ನು ಕೆಣಕುವುದು, ಅದಕ್ಕೆ ತಿನಿಸು ಎಸೆಯುವುದು ಈಗ ಕಾನೂನಿನ ಕಣ್ಣಲ್ಲಿ ಅಪರಾಧ. ನೋಡುವವನ ಕೈಯನ್ನೂ ಕಟ್ಟಬೇಕೆಂದು ಒಪ್ಪಿದ್ದೇ ನನಗೆ ಕಂದಕಕ್ಕಿಂತ ದೊಡ್ಡ ತಿರುವು.

ಹಾಗಾದರೆ ಮೃಗಾಲಯಗಳನ್ನು ಮುಚ್ಚಿಬಿಡಬಾರದೇಕೆ, ಕಾಡನ್ನು ಟಿ.ವಿ.ಯಲ್ಲೇ ನೋಡಬಹುದಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ನೋವಿದೆ, ಹುರುಳೂ ಇದೆ. ಆದರೆ ಅರೇಬಿಯಾದ ಆರಿಕ್ಸ್ ಎಂಬ ಬಿಳಿ ಜಿಂಕೆಯಂಥ ಪ್ರಾಣಿ 1972ರ ಹೊತ್ತಿಗೆ ಕಾಡಿನಿಂದ ಪೂರ್ತಿ ಅಳಿದಿತ್ತು. 1982ರಲ್ಲಿ ಒಮಾನಿನ ಮರಳುಗಾಡಿಗೆ ಅದನ್ನು ಮರಳಿ ಬಿಡಲು ಸಾಧ್ಯವಾದದ್ದು ಅಮೆರಿಕದ ಫೀನಿಕ್ಸ್ ಮುಂತಾದ ಮೃಗಾಲಯಗಳಲ್ಲಿ ಅದರ ಸಂತತಿ ಉಳಿದಿದ್ದರಿಂದ. ಬಿಟ್ಟವುಗಳಿಗೂ ಬೇಟೆಗಾರರ ಕಾಟ ತಪ್ಪಲಿಲ್ಲ; ಮೃಗಾಲಯವೊಂದೇ ಕಾಡನ್ನು ಕಾಯಲಾರದು. ಇನ್ನು ಸರ್ಕಸ್ಸಿನಿಂದ ಬಿಡಿಸಿ ಬನ್ನೇರುಘಟ್ಟಕ್ಕೆ ತಂದ ಸಿಂಹಗಳನ್ನು ಯಾವ ಕಾಡಿಗೆ ಕಳಿಸಬಹುದಿತ್ತು? ಬೇಟೆಯೇ ಗೊತ್ತಿಲ್ಲದ ಅವಕ್ಕೆ ಮನುಷ್ಯನ ಆರೈಕೆಯೊಂದೇ ದಾರಿಯಾಗಿತ್ತು.

ಇನ್ನೊಂದು ಆಕ್ಷೇಪ ಜನರದ್ದು: ದೂರದ ಊರಿನಿಂದ ಮಕ್ಕಳನ್ನು ಕರೆತಂದು, ದುಡ್ಡು ಕೊಟ್ಟು ಒಳಗೆ ಬಂದರೆ ಚಿರತೆ ಪೊದೆಯ ಹಿಂದೆ ಮಲಗಿರುತ್ತದೆ. ಬೇಸರವಾಗುವುದು ಸಹಜ. ಆದರೆ ಹಗಲಲ್ಲಿ ಮರೆ ಹುಡುಕುವುದು ಚಿರತೆಯ ಸ್ವಭಾವ; ಪೊದೆ ಕಿತ್ತು ತೋರಿಸಿದರೆ ಮಗು ನೋಡುವುದು ಚಿರತೆಯ ಚರ್ಮವನ್ನಷ್ಟೇ. ಮೈಸೂರು ಮೃಗಾಲಯದ ಸುಪರ್ದಿಯಲ್ಲೇ ಇರುವ ಪಕ್ಕದ ಕಾರಂಜಿ ಕೆರೆಗೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ತಾವಾಗಿ ಬರುತ್ತವೆ, ಬೇಕೆನಿಸಿದಾಗ ಹಾರಿಹೋಗುತ್ತವೆ. ಹಕ್ಕಿ ಕಾಣದಿದ್ದರೆ ಜನ ಕಲ್ಲೆಸೆಯುವುದಿಲ್ಲ, ವೀಕ್ಷಣಾ ಗೋಪುರದಲ್ಲಿ ಇನ್ನಷ್ಟು ಹೊತ್ತು ನಿಲ್ಲುತ್ತಾರೆ. ಅಷ್ಟೇ ತಾಳ್ಮೆ ಗೋಡೆಯ ಈಚೆಗಿರುವ ಚಿರತೆಗೂ ಸಲ್ಲಬೇಕು.