ಟೇಪಿನಲ್ಲಿ ಹಾಡಿದೆ, ಹರಟೆ ಎಲ್ಲಿ?

ಹಳಗನ್ನಡದ ಶಾಸನಗಳಲ್ಲಿ ಱ, ೞ ಎಂಬ ಎರಡು ಅಕ್ಷರಗಳಿವೆ. ಕಲ್ಲಿನ ಮೇಲೆ ಉಳಿದವು, ಬಾಯಿಂದ ಹೋದವು. 13ನೇ ಶತಮಾನದ ಕೇಶಿರಾಜ ಯಾವ ಪದಕ್ಕೆ ೞ ಎಂದು 'ಶಬ್ದಮಣಿದರ್ಪಣ'ದಲ್ಲಿ ಪಟ್ಟಿಯನ್ನೇ ಮಾಡಿಟ್ಟ. ಪಂಪ ಅದನ್ನು ಹೇಗೆ ಉಚ್ಚರಿಸುತ್ತಿದ್ದ ಎಂಬುದನ್ನು ನಾವೀಗ ತಮಿಳರ, ಮಲಯಾಳಿಗಳ ಬಾಯಿ ನೋಡಿ ಊಹಿಸಬೇಕು. ಇಷ್ಟು ದೀರ್ಘ ಬರವಣಿಗೆಯಿರುವ ನುಡಿಯ ಪಾಡೇ ಇದಾದರೆ, ತನ್ನದೆಂಬ ಲಿಪಿಯೇ ಇಲ್ಲದ ಕೊರಗ ನುಡಿಯದೇನು?

ಕೊರಗರು ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡಿನವರು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅವರು ಸುಮಾರು 15 ಸಾವಿರ. ಅವರಲ್ಲಿ ಅನೇಕರು ತುಳುವಿಗೆ ಹೊರಳಿದ್ದಾರೆ. ಡಿ.ಎನ್. ಶಂಕರ ಭಟ್ಟರು ಈ ನುಡಿಯ ವ್ಯಾಕರಣವನ್ನು 1971ರಲ್ಲೇ ಪ್ರಕಟಿಸಿದರು. ಅದನ್ನು ಓದಿ ವಾಕ್ಯ ಕಟ್ಟಬಹುದು. ಅಜ್ಜಿ ಮೊಮ್ಮಗನನ್ನು ಗದರಿಸುವಾಗ ದನಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ತಿಳಿಯಲು ಮಾತ್ರ ಕಿವಿಗೇ ಏನಾದರೂ ಸಿಗಬೇಕು.

ಕಿವಿಗೂ ಸುಲಭವಾಗಿ ದಕ್ಕದ ಸಂಗತಿಗಳಿವೆ. ನೀಲಗಿರಿಯ ತೊದವರ ನುಡಿಯಲ್ಲಿ ನಾಲಗೆ ಕಂಪಿಸುವ 'ರ'ಕಾರ ಮೂರು ಬಗೆ. ಒಂದಕ್ಕೆ ನಾಲಗೆಯ ತುದಿ ಹಲ್ಲಿನ ಹತ್ತಿರ, ಇನ್ನೊಂದಕ್ಕೆ ಅದರ ಹಿಂದಿನ ಏರಿನಲ್ಲಿ, ಮತ್ತೊಂದಕ್ಕೆ ಹಿಂದಕ್ಕೆ ಬಾಗಿ. ಭಾಷಾವಿಜ್ಞಾನಿ ಮರ್ರೆ ಎಮೆನೋ 1930ರ ದಶಕದಲ್ಲಿ ತೊದವರ ನಡುವೆ ಕೂತು ಇದನ್ನೆಲ್ಲ ಕಿವಿಯಿಂದಲೇ ಬೇರ್ಪಡಿಸಿದ. ಪೀಟರ್ ಲ್ಯಾಡಿಫೋಗೆಡ್, ಪೆರಿ ಭಾಸ್ಕರರಾವ್ ಮೊದಲಾದವರು 1996ರಲ್ಲಿ ಧ್ವನಿಮುದ್ರಣಗಳನ್ನು ಅಳೆದು ತೋರಿಸಿದರು. ನಾಲಗೆ ಜಾಗ ಬದಲಿಸಿದರೆ ಬಾಯೊಳಗಿನ ಪೊಳ್ಳಿನ ಆಕಾರ ಬದಲಾಗುತ್ತದೆ, ಅದರಂತೆ ಕೆಲವು ಕಂಪನಾಂಕಗಳು ಬಲಗೊಳ್ಳುತ್ತವೆ, ಕೆಲವು ಕುಗ್ಗುತ್ತವೆ. ಧ್ವನಿಯನ್ನು ಕಂಪನಾಂಕಗಳಾಗಿ ಬಿಡಿಸಿ ಚಿತ್ರ ಮಾಡಿದರೆ ಬಲಗೊಂಡವು ಪಟ್ಟೆಗಳಾಗಿ ಕಣ್ಣಿಗೇ ಕಾಣುತ್ತವೆ.

ಹಾಗೆ ಕಾಣಬೇಕಾದರೆ ಮುದ್ರಣದಲ್ಲಿ ಅವು ಇರಬೇಕಲ್ಲ! ಹಳೆಯ ಟೆಲಿಫೋನು ಸುಮಾರು 3,400 ಹರ್ಟ್ಸ್‌ಗಿಂತ ಮೇಲಿನದನ್ನು ಸಾಗಿಸುತ್ತಿರಲಿಲ್ಲ. 'ಸ'ಕಾರದ ಸುಯ್ಲು ಹೆಚ್ಚಾಗಿ ಇರುವುದೇ ಅದರಾಚೆ. ಹೆಸರು ಹೇಳುವಾಗ ಒಂದೊಂದೇ ಅಕ್ಷರ ಬಿಡಿಸಿ ಕೂಗಬೇಕಾಗುತ್ತಿದ್ದುದು ಇದಕ್ಕೇ. ಡಿಜಿಟಲ್ ಮುದ್ರಣ ಧ್ವನಿಯನ್ನು ಸೆಕೆಂಡಿಗೆ ಇಂತಿಷ್ಟು ಬಾರಿ ಅಳೆದು ಅಂಕಿ ಬರೆದಿಡುತ್ತದೆ. ಎಷ್ಟು ಬಾರಿ ಅಳೆಯುತ್ತೇವೋ ಅದರ ಅರ್ಧದಷ್ಟು ಕಂಪನಾಂಕದವರೆಗೆ ಮಾತ್ರ ಹಿಡಿಯಬಹುದು. ಧ್ವನಿ ಸಂಗ್ರಹಾಲಯಗಳು ಕನಿಷ್ಠ 48,000 ಬಾರಿ ಎಂದು ಪಟ್ಟು ಹಿಡಿಯುವುದು ಅದಕ್ಕೆ. ಎಂಪಿ3 ಕಡತ ಕಿವಿ ಗಮನಿಸದ ಅಂಶಗಳನ್ನು ಕಿತ್ತುಹಾಕಿ ಚಿಕ್ಕದಾಗುತ್ತದೆ. ಕೇಳುವವರಿಗೆ ನಷ್ಟವಿಲ್ಲ, ನಾಳೆ ಅಳೆಯುವವರಿಗೆ ಇದೆ.

ಯಂತ್ರ ಬಂದದ್ದರಿಂದ ಏನು ಬದಲಾಯಿತು ಎಂಬುದಕ್ಕೆ ನನಗೆ ತೋಚುವ ಒಳ್ಳೆಯ ಸಾಕ್ಷಿ ತುಳುನಾಡಿನ ಗೋಪಾಲ ನಾಯ್ಕರು. ಓದುಬರಹ ಬಾರದ ಅವರು ತುಳುವಿನ ಸಿರಿ ಕಾವ್ಯವನ್ನು ಮೊದಲು ಹೇಳಿ ಬರೆಸಿದಾಗ ಆದದ್ದು ಸುಮಾರು 8,500 ಸಾಲು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೋಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಇವರ ತಂಡ ಧ್ವನಿ, ದೃಶ್ಯ ಎರಡನ್ನೂ ಮುದ್ರಿಸಿಕೊಂಡಾಗ ಅವರು ಹಾಡಿದ್ದು 15,683 ಸಾಲು. ಬರೆಯುವವನ ಕೈ ನಿಧಾನ. ಹೇಳುವವರು ಕಾಯುತ್ತಾರೆ, ಕತ್ತರಿಸುತ್ತಾರೆ. ಟೇಪು ಯಾರನ್ನೂ ಕಾಯಿಸುವುದಿಲ್ಲ.

ಆದರೆ ಟೇಪಿಗೂ ಆಯಸ್ಸಿದೆ. ಪ್ಲಾಸ್ಟಿಕ್ ಪಟ್ಟಿಗೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಅಂಟಿಸಿರುವ ಅಂಟು ಗಾಳಿಯ ತೇವ ಹೀರಿ ಒಡೆಯುತ್ತದೆ, ಮಳೆಗಾಲದ ಬೆಲ್ಲದಂತೆ ಜಿಗುಟಾಗುತ್ತದೆ. ಅಂಥದನ್ನು ಹಾಗೇ ಓಡಿಸಿದರೆ ಪುಡಿಯೇ ಕಿತ್ತು ಬರುತ್ತದೆ. ಸುಮಾರು 50 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೆ ಅಂಟು ಕೆಲವು ದಿನಗಳ ಮಟ್ಟಿಗೆ ಗಟ್ಟಿಯಾಗುತ್ತದೆ. ಅಷ್ಟರಲ್ಲಿ ನಕಲು ಮಾಡಿಕೊಳ್ಳಬೇಕು. ಆಗ ಟೇಪು ಓಡಿಸುವ ಯಂತ್ರ ಸಿಗುವುದೇ ದೊಡ್ಡ ಮಾತು.

ನನ್ನ ತಕರಾರು ಬೇರೆ. ಇಷ್ಟೆಲ್ಲ ಮಾಡಿ ನಾವು ಉಳಿಸಿದ್ದೇನು? ಹೆಚ್ಚಾಗಿ ಹಾಡು, ಕತೆ. ಗ್ರಿಯರ್ಸನ್ನನ ಭಾಷಾ ಸಮೀಕ್ಷೆಗಾಗಿ 1913ರಿಂದ 1929ರವರೆಗೆ ಗ್ರಾಮಫೋನ್ ತಟ್ಟೆಗಳನ್ನು ಮಾಡಿದರು. ಹೆಚ್ಚಿನ ನುಡಿಗಳಲ್ಲಿ ಬೈಬಲ್ಲಿನ ದಾರಿತಪ್ಪಿದ ಮಗನ ಕತೆ. ಹೋಲಿಸಲು ಅನುಕೂಲ ನಿಜ, ಆದರೆ ಕೊಟ್ಟ ಪಾಠ ಒಪ್ಪಿಸುವ ದನಿ ಮಾತಿನ ದನಿಯಲ್ಲ. ಹಾಡಿನಲ್ಲೂ ಅಷ್ಟೆ: ಸ್ವರ ಎಷ್ಟು ಉದ್ದ ಎಂಬುದನ್ನು ತಾಳ ತೀರ್ಮಾನಿಸುತ್ತದೆ, ದನಿಯ ಏರಿಳಿತವನ್ನು ಧಾಟಿ. ಪ್ರಶ್ನೆ ಕೇಳುವ ಬಗೆ, ಸಿಟ್ಟು, ಅರ್ಧಕ್ಕೆ ನಿಲ್ಲಿಸಿದ ಮಾತು, ಒಬ್ಬರ ಬಾಯಿಗೆ ಇನ್ನೊಬ್ಬರು ಬಾಯಿ ಹಾಕುವುದು, ಇವೊಂದೂ ಅಲ್ಲಿ ಸಿಗುವುದಿಲ್ಲ.

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ಹರಟೆ ಮುದ್ರಿಸುವ ಕೆಲಸವನ್ನು ಅದು ಸುತ್ತಲಿನ ಊರುಗಳಿಂದಲೇ ಶುರು ಮಾಡಬಹುದು. ಈ ಸೀಮೆಯ ತಾಂಡಾಗಳ ಲಂಬಾಣಿಗೆ ಸ್ವಂತ ಲಿಪಿಯಿಲ್ಲ, ಜನಗಣತಿ ಅದನ್ನು ಹಿಂದಿಯ ಲೆಕ್ಕಕ್ಕೆ ಸೇರಿಸುತ್ತದೆ. ದೇಶದಲ್ಲಿ ಲಕ್ಷಗಟ್ಟಲೆ ಜನ ಆಡುವ ನುಡಿ, ನಾಳೆಯೇ ಹೋಗುವುದಲ್ಲ. ಅದಕ್ಕೇ ಈಗ ಮುದ್ರಿಸಬೇಕು, ಜಗಳವಾಡಲು ಜನ ಇರುವಾಗ. ಕೊನೆಯ ಒಬ್ಬರೇ ಉಳಿದ ಮೇಲೆ ಮಾತುಕತೆ ಮುದ್ರಿಸುವುದು ಯಾರೊಂದಿಗೆ? ಅಂಡಮಾನಿನ ಬೊ ನುಡಿಯ ಬೋವಾ ಸೀನಿಯರ್ 2010ರಲ್ಲಿ ತೀರಿಕೊಂಡರು. ಭಾಷಾವಿಜ್ಞಾನಿ ಅನ್ವಿತಾ ಅಬ್ಬಿಯವರ ಮುದ್ರಣಗಳಲ್ಲಿ ಅವರ ದನಿಯಿದೆ; ಅದಕ್ಕೆ ಬೊ ನುಡಿಯಲ್ಲೇ ಮರುಮಾತಾಡುವವರು ಯಾರೂ ಉಳಿದಿರಲಿಲ್ಲ.

ಹಿಂದೆ ಹೆಗಲಿಗೆ ಹೊರಬೇಕಿದ್ದ ಯಂತ್ರದ ಕೆಲಸವನ್ನು ಇಂದು ಮೊಬೈಲೇ ಬಹುಪಾಲು ಮಾಡುತ್ತದೆ. ಒಪ್ಪಿಗೆ ಕೇಳಿ, ಫ್ಯಾನು ಆರಿಸಿ, ಮೈಕನ್ನು ಬಾಯಿಯ ಹತ್ತಿರ ತಂದು, ದಿನಾಂಕ, ಊರು, ಮಾತಾಡುವವರು ಯಾರೆಂಬುದನ್ನು ಮುದ್ರಣದ ಆರಂಭದಲ್ಲೇ ಹೇಳಿಸಬೇಕು. ಕಡತ ಏನನ್ನೂ ಕಿತ್ತುಹಾಕದ ವೇವ್ ರೂಪದಲ್ಲಿರಲಿ. ನಿಜವಾದ ದುಡಿಮೆ ಆಮೇಲಿನದು. ಒಂದು ಗಂಟೆಯ ಹರಟೆಯನ್ನು ಕೇಳಿ ಬರೆದು, ಅರ್ಥ ಸೇರಿಸಿ, ಯಾವ ಕ್ಷಣದಲ್ಲಿ ಯಾವ ಮಾತು ಎಂದು ಹೊಂದಿಸಲು 40 ಗಂಟೆ ಹಿಡಿದರೂ ಹೆಚ್ಚಲ್ಲ. ನೆದರ್ಲೆಂಡಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಇದಕ್ಕೆಂದೇ ಮಾಡಿದ ಎಲಾನ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಆದರೆ ಅದರ ಮುಂದೆ ಕೂರಬೇಕಾದವರು ತಾಂಡಾದ ಹುಡುಗ ಹುಡುಗಿಯರೇ, ಮತ್ತು ಅವರಿಗೆ ಕೂಲಿ ಕೊಡಬೇಕು. ಇಂಥ ಯೋಜನೆಯ ಹಣದಲ್ಲಿ ದೊಡ್ಡ ಪಾಲು ತೆಗೆದಿಡಬೇಕಾದ್ದು ಇದಕ್ಕೆ, ಮೈಕಿಗಲ್ಲ.