ವಿಜಯನಗರಕ್ಕೆ ಬಂದ ರಾಜದೂತ

ಮಾಗಳದ ಬಳಿ ಹರಿಯುವ ತುಂಗಭದ್ರೆಯೇ ಮುಂದೆ ಸಾಗಿ ಹಂಪೆಯನ್ನು ಸೇರುತ್ತದೆ. ಆ ತೀರದ ವಿಜಯನಗರಕ್ಕೆ 1443ರ ಏಪ್ರಿಲ್ ಕೊನೆಯಲ್ಲಿ ಪರ್ಷಿಯಾದ ಅರಸ ಷಾರೂಖನ ರಾಯಭಾರಿ ಅಬ್ದುರ್ ರಜಾಕನು ಆಗಮಿಸಿದನು. ಹಿರಾತಿನಿಂದ ಹೊರಟು ಕಲ್ಲಿಕೋಟೆಯಲ್ಲಿ ತಂಗಿದ್ದ ಅವನನ್ನು ಇಮ್ಮಡಿ ದೇವರಾಯನೇ ತನ್ನ ಆಸ್ಥಾನಕ್ಕೆ ಕರೆಸಿಕೊಂಡಿದ್ದನು.

ದೂತನಿಗೆ ಸಲ್ಲುವ ಮರ್ಯಾದೆ ಅವನನ್ನು ಕಳುಹಿಸಿದ ದೊರೆಗೇ ಸಲ್ಲಿದಂತೆ. ಆದುದರಿಂದ ಅಕ್ಕಿ, ಬೆಣ್ಣೆ, ಸಕ್ಕರೆ ಮೊದಲಾದ ಪಡಿಯೊಡನೆ ದಿನವೂ ಎರಡು ವರಹಗಳು ಅವನ ಬಿಡಾರಕ್ಕೆ ಬರುತ್ತಿದ್ದವು. ವಾರಕ್ಕೆರಡು ಬಾರಿ ಅರಸನ ದರ್ಶನವೂ ದೊರೆಯುತ್ತಿತ್ತು.

ಮುಂದೆ ಆ ಪಡಿ ನಿಂತುಹೋಯಿತು; ಅವನು ನಿಜವಾದ ದೂತನಲ್ಲವೆಂದು ಹೊರ್ಮುಜಿನ ವರ್ತಕರು ಗುಲ್ಲೆಬ್ಬಿಸಿದರು. ಎರಡು ರಾಜ್ಯಗಳ ಸ್ನೇಹ ಒಂದು ಚಾಡಿಮಾತಿಗೆ ಬಲಿಯಾಗಬಹುದಾಗಿತ್ತು. ಆದರೂ ದೇವರಾಯನು ಅತಿಥಿಯನ್ನು ಅವಮಾನಿಸಿ ಅಟ್ಟಲಿಲ್ಲ. ಬೀಳ್ಕೊಡುವಾಗ ಕಾಣಿಕೆಗಳೊಡನೆ ತನ್ನ ದೂತರನ್ನೇ ಷಾರೂಖನೆಡೆಗೆ ಕಳುಹಿಸಿದನು. ಸಂದೇಹವನ್ನು ನಿವಾರಿಸಿಕೊಳ್ಳಲು ಇದಕ್ಕಿಂತ ಘನವಾದ ಮಾರ್ಗ ಯಾವುದು?

ನಗರದ ಏಳು ಸುತ್ತಿನ ಕೋಟೆಯನ್ನೂ ಮಹಾನವಮಿಯ ವೈಭವವನ್ನೂ ರಜಾಕನು ತನ್ನ ಗ್ರಂಥದಲ್ಲಿ ಬಣ್ಣಿಸಿದನು. 1565ರ ಯುದ್ಧಾನಂತರ ಆ ನಗರ ಹಾಳಾಯಿತು. ಅತಿಥಿಯ ಬರಹ ಉಳಿಯಿತು. 2021ರಲ್ಲಿ ಆ ನಗರದ ಹೆಸರನ್ನೇ ಹೊತ್ತು ಮಾಗಳವನ್ನೊಳಗೊಂಡ ಜಿಲ್ಲೆ ರಚಿತವಾಯಿತು. ಬಂದವರನ್ನು ಆದರಿಸುವ ಆ ಪರಂಪರೆಯೂ ಈ ನಾಡಿನ ಮಕ್ಕಳಿಗೆ ಸಂದ ಆಸ್ತಿಯೇ ಆಗಿದೆ.