ಒಲೆಯ ಹೊಗೆಗೂ ಮುಂಗಾರು ಮಳೆಗೂ ಏನು ಸಂಬಂಧ?



ಈ ಪುಟದಲ್ಲಿ ಸಾಮಾನ್ಯವಾಗಿ ಬೀಜ, ಗೊಬ್ಬರ, ದನಕರುಗಳ ರೋಗ, ಮಕ್ಕಳ ಚುಚ್ಚುಮದ್ದು ಇಂಥ ವಿಷಯಗಳನ್ನು ಓದುತ್ತೀರಿ. ಈ ಸಲ ಒಂದು ವಿಜ್ಞಾನ ಪ್ರಶಸ್ತಿಯ ವಿಚಾರ ಬರೆಯುತ್ತಿದ್ದೇನೆ. ‘ಪ್ರಶಸ್ತಿಗೂ ನಮ್ಮ ಹೊಲಕ್ಕೂ ಏನು ಸಂಬಂಧ?’ ಎಂದು ಪುಟ ತಿರುಗಿಸಬೇಡಿ. ಸಂಬಂಧ ನಿಮ್ಮ ಅಡುಗೆಮನೆಯಲ್ಲೇ ಇದೆ.

2018ರಲ್ಲಿ ತೈವಾನಿನ ‘ಟಾಂಗ್ ಪ್ರಶಸ್ತಿ’ಯನ್ನು ವಾಯುಮಂಡಲ ಮತ್ತು ಹವಾಮಾನದ ಸಂಶೋಧನೆಗಾಗಿ ಇಬ್ಬರು ವಿಜ್ಞಾನಿಗಳಿಗೆ ಹಂಚಿ ಕೊಡಲಾಯಿತು. ಒಬ್ಬರು ಅಮೆರಿಕದ ಜೇಮ್ಸ್ ಹ್ಯಾನ್ಸನ್. ಭೂಮಿ ಬಿಸಿಯಾಗುತ್ತಿದೆ ಎಂದು 1988ರಲ್ಲೇ ತಮ್ಮ ದೇಶದ ಸೆನೆಟ್ ಸಮಿತಿಯ ಮುಂದೆ ಸಾಕ್ಷಿ ನುಡಿದವರು. ಇನ್ನೊಬ್ಬರು ನಮ್ಮ ದಕ್ಷಿಣದವರೇ ಆದ ವೀರಭದ್ರನ್ ರಾಮನಾಥನ್.

ರಾಮನಾಥನ್ ಅವರು 1944ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿದರು. ಹನ್ನೊಂದನೇ ವಯಸ್ಸಿನಲ್ಲಿ ಕುಟುಂಬದೊಡನೆ ಬೆಂಗಳೂರಿಗೆ ಬಂದರು. ಅಲ್ಲಿಯವರೆಗೆ ತಮಿಳಿನಲ್ಲಿ ಓದಿದ್ದ ಹುಡುಗನಿಗೆ ಇಲ್ಲಿನ ಇಂಗ್ಲಿಷ್ ಪಾಠ ತಲೆಗೆ ಹತ್ತಲಿಲ್ಲ. ಮೇಷ್ಟ್ರ ಮಾತು ಅರ್ಥವಾಗದ ಕಾರಣ ತಾನೇ ಯೋಚಿಸಿ ಕಲಿಯುವ ಅಭ್ಯಾಸ ಬಂತು ಎಂದು ಅವರೇ ಹೇಳಿಕೊಂಡಿದ್ದಾರೆ. ಎಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ಫ್ರಿಜ್ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಫ್ರಿಜ್ಜಿನೊಳಗಿನ ತಂಪುಕಾರಕ ಅನಿಲ ಎಲ್ಲಿ ಸೋರುತ್ತದೆ, ಏಕೆ ಸೋರುತ್ತದೆ ಎಂದು ಪತ್ತೆ ಮಾಡುವುದು ಅಲ್ಲಿ ಅವರ ಕೆಲಸ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದರು.

ಸೋರಿದ ಅನಿಲ ಕೊನೆಗೆ ಅವರಿಗೆ ಹೆಸರು ತಂದಿತು. ಆ ಅನಿಲದ ಹೆಸರು ಸಿ.ಎಫ್.ಸಿ. ಭೂಮಿಗೆ ಗಾಳಿಯೇ ಕಂಬಳಿ. ಅದರಲ್ಲಿರುವ ಇಂಗಾಲದ ಡೈಆಕ್ಸೈಡು ಬಿಸಿಲಿನ ಕಾವನ್ನು ಹಿಡಿದಿಡುತ್ತದೆ. ಸಿ.ಎಫ್.ಸಿ.ಯ ಒಂದು ಅಣು ಇಂಗಾಲದ ಡೈಆಕ್ಸೈಡಿನ ಒಂದು ಅಣುವಿಗಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಕಾವು ಹಿಡಿಯಬಲ್ಲದು ಎಂದು 1975ರಲ್ಲಿ ರಾಮನಾಥನ್ ತೋರಿಸಿಕೊಟ್ಟರು. ಓಜೋನ್ ಪದರವನ್ನು ಉಳಿಸಲೆಂದು 1987ರಲ್ಲಿ ಮಾಂಟ್ರಿಯಲ್ ನಗರದಲ್ಲಿ ದೇಶಗಳು ಮಾಡಿಕೊಂಡ ಒಪ್ಪಂದದಿಂದ ಆ ಅನಿಲದ ಬಳಕೆ ಇಳಿಯಿತು. ಭೂಮಿಯ ಬಿಸಿಯೂ ಅಷ್ಟರ ಮಟ್ಟಿಗೆ ತಪ್ಪಿತು.

ನಮಗೆ ಹೆಚ್ಚು ಹತ್ತಿರದ್ದು ಅವರ ಎರಡನೆಯ ಕೆಲಸ. 1995ರ ರಸಾಯನಶಾಸ್ತ್ರದ ನೊಬೆಲ್ ಪಡೆದವರಲ್ಲಿ ಒಬ್ಬರಾದ ಪೌಲ್ ಕ್ರುಟ್ಸೆನ್ ಅವರ ಜೊತೆ ಸೇರಿ, 1999ರ ಬೇಸಿಗೆಗೆ ಮುಂಚಿನ ತಿಂಗಳುಗಳಲ್ಲಿ ರಾಮನಾಥನ್ ಹಿಂದೂ ಮಹಾಸಾಗರದ ಮೇಲೆ ದೊಡ್ಡದೊಂದು ಅಧ್ಯಯನ ನಡೆಸಿದರು. ಆ ತಿಂಗಳುಗಳಲ್ಲಿ ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತದೆ. ವಿಮಾನ, ಹಡಗು, ಉಪಗ್ರಹಗಳಿಂದ ನೋಡಿದಾಗ ಸಮುದ್ರದ ಮೇಲೆ ಸುಮಾರು ಮೂರು ಕಿಲೋಮೀಟರ್ ದಪ್ಪದ ಕಂದು ಮಬ್ಬು ಹಾಸಿಕೊಂಡಿತ್ತು. ಕಾರ್ಖಾನೆ, ವಾಹನ, ಕಲ್ಲಿದ್ದಲಿನ ಹೊಗೆಯ ಜೊತೆಗೆ ಸೌದೆ, ಬೆರಣಿ ಉರಿಸಿದ ಹೊಗೆ, ಹೊಲದಲ್ಲಿ ಕಸಕಡ್ಡಿ ಸುಟ್ಟ ಹೊಗೆ ಎಲ್ಲವೂ ಅದರಲ್ಲಿ ಸೇರಿತ್ತು.

ಅಡುಗೆಮನೆಯ ಜಂತೆಗೆ ಕಟ್ಟುವ ಇಲ್ಲಣವನ್ನು ನೀವೆಲ್ಲ ನೋಡಿದ್ದೀರಿ. ಅದೇ ಮಸಿಯ ಸಣ್ಣ ಕಣಗಳು ಆಕಾಶಕ್ಕೇರಿದಾಗ ಎರಡು ಕೆಲಸ ಮಾಡುತ್ತವೆ. ಬಿಸಿಲನ್ನು ತಾವೇ ಹೀರಿಕೊಂಡು ಮೇಲಿನ ಗಾಳಿಯನ್ನು ಬಿಸಿ ಮಾಡುತ್ತವೆ. ಕೆಳಗೆ ನೆಲಕ್ಕೂ ಕಡಲಿಗೂ ಬೀಳುವ ಬಿಸಿಲನ್ನು ಕಡಿಮೆ ಮಾಡುತ್ತವೆ. ಕಡಲಿಗೆ ಬಿಸಿಲು ಕಡಿಮೆಯಾದರೆ ನೀರು ಆವಿಯಾಗುವುದೂ ಕಡಿಮೆ. ಆವಿ ಕಡಿಮೆಯಾದರೆ ಮುಂಗಾರಿನ ಬಲವೂ ಕುಗ್ಗುತ್ತದೆ ಎಂಬುದು ಅವರ ಲೆಕ್ಕ.

ಬೆಳೆಯ ಮೇಲೆ ಇದರ ಪರಿಣಾಮವೇನು? ಈ ಕಂದು ಮಬ್ಬು ಮತ್ತು ಭೂಮಿಯ ಬಿಸಿ ಎರಡೂ ಸೇರಿ ಭಾರತದ ಭತ್ತದ ಇಳುವರಿಯನ್ನು ತಗ್ಗಿಸಿವೆ ಎಂದು ರಾಮನಾಥನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. 2014ರಲ್ಲಿ ಜೆನಿಫರ್ ಬರ್ನಿ ಅವರೊಡನೆ ಗೋಧಿಯ ಲೆಕ್ಕ ಹಾಕಿದರು. ಹವಾಮಾನದ ಬದಲಾವಣೆಯೂ ಈ ಮಾಲಿನ್ಯವೂ ಇಲ್ಲದಿದ್ದರೆ ಬರಬೇಕಾಗಿದ್ದ ಇಳುವರಿಗಿಂತ 2010ರ ಇಳುವರಿ ಶೇಕಡಾ 36ರವರೆಗೂ ಕಡಿಮೆ ಇತ್ತು ಎಂದು ಕಂಡುಬಂತು. ಅದರಲ್ಲಿ ಹೆಚ್ಚಿನ ಪಾಲು ಮಸಿ ಮತ್ತು ನೆಲಮಟ್ಟದ ಓಜೋನಿನದು. ಮೇಲಿನ ಓಜೋನ್ ನಮ್ಮನ್ನು ಕಾಯುತ್ತದೆ. ಆದರೆ ಹೊಗೆಯಿಂದ ನೆಲದ ಹತ್ತಿರ ಹುಟ್ಟುವ ಓಜೋನ್ ಎಲೆಗೆ ವಿಷ.

ಇನ್ನು ಆರೋಗ್ಯದ ಮಾತು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ದಮ್ಮು, ಮಕ್ಕಳ ನ್ಯುಮೋನಿಯಾ, ಹೃದಯಾಘಾತ, ಕಣ್ಣಿನ ಪೊರೆ ಇವೆಲ್ಲಕ್ಕೂ ಒಲೆಯ ಹೊಗೆ ಕಾರಣವಾಗುತ್ತದೆ. ಬೀಡಿ ಮುಟ್ಟದ ನಮ್ಮ ಅಜ್ಜಿಯರಿಗೆ ಬೀಡಿ ಸೇದಿದವರಂತೆ ಕೆಮ್ಮು ಏಕೆ ಬಂತು ಎಂದು ಯೋಚಿಸಿ ನೋಡಿ. ರಾಮನಾಥನ್ ಅವರಿಗೂ ಸೌದೆ ಒಲೆಯ ಮುಂದೆ ಕೂತು ಕೆಮ್ಮುತ್ತಿದ್ದ ತಮ್ಮ ಅಜ್ಜಿಯ ನೆನಪಿತ್ತು. ಹಳ್ಳಿಮನೆಗಳಿಗೆ ಹೊಗೆಯಿಲ್ಲದ ಒಲೆ ಕೊಟ್ಟು ಫಲವನ್ನು ಅಳೆಯುವ ‘ಸೂರ್ಯ’ ಎಂಬ ಯೋಜನೆಯನ್ನು ಅವರು ಉತ್ತರ ಪ್ರದೇಶದಲ್ಲಿ ನಡೆಸಿದರು.

ಧರ್ಮಸಭೆಗೂ ಇವರ ಮಾತು ಮುಟ್ಟಿದೆ. ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಗೆ ಧರ್ಮ ನೋಡಿ ಸದಸ್ಯರನ್ನು ಆರಿಸುವುದಿಲ್ಲ. ಜಗದ್ಗುರು ಎರಡನೆಯ ಜಾನ್ ಪೌಲರು 2004ರಲ್ಲಿ ರಾಮನಾಥನ್ ಅವರನ್ನು ಅದಕ್ಕೆ ನೇಮಿಸಿದರು. 2014ರಲ್ಲಿ ಜಗದ್ಗುರು ಫ್ರಾನ್ಸಿಸರನ್ನು ಕ್ಷಣಕಾಲ ಭೇಟಿಯಾದಾಗ ಅವರು ಹೇಳಿದ್ದು ಇಷ್ಟೇ: ಮಾಲಿನ್ಯದ ಬಹುಪಾಲು ಜಗತ್ತಿನ ನೂರು ಕೋಟಿ ಸಿರಿವಂತರದು, ಅದರ ಪೆಟ್ಟು ತಿನ್ನುವವರು ಮುನ್ನೂರು ಕೋಟಿ ಬಡವರು. ಮರುವರ್ಷ ಫ್ರಾನ್ಸಿಸರು ಬರೆದ ‘ಲೌದಾತೋ ಸೀ’ ಪತ್ರದಲ್ಲಿ ಅಡುಗೆಯ ಹೊಗೆಯಿಂದ ಜನ ಕಾಯಿಲೆ ಬೀಳುವ ಮಾತೂ ಇದೆ.

ಹಾಗಾದರೆ ಸಿರಿವಂತರ ತಪ್ಪಿಗೆ ನಾವೇಕೆ ಒಲೆ ಬದಲಿಸಬೇಕು? ನ್ಯಾಯವಾದ ಪ್ರಶ್ನೆ. ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರಿದರೆ ಅದರಲ್ಲಿ ಗಣನೀಯ ಪಾಲು ನೂರಾರು ವರ್ಷ ಉಳಿಯುತ್ತದೆ. ಅದನ್ನು ಇಳಿಸುವ ಮೊದಲ ಹೊಣೆ ದೊಡ್ಡ ದೇಶಗಳದು, ದೊಡ್ಡ ಕಾರ್ಖಾನೆಗಳದು. ಮಸಿ ಹಾಗಲ್ಲ. ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಒಂದೆರಡು ವಾರದಲ್ಲಿ ನೆಲಕ್ಕಿಳಿದುಬಿಡುತ್ತದೆ. ಇವತ್ತು ಹೊಗೆ ನಿಲ್ಲಿಸಿದರೆ ಅದರ ಫಲ ನಮ್ಮ ಕಾಲದಲ್ಲೇ, ನಮ್ಮ ಊರಲ್ಲೇ, ಮೊದಲು ನಮ್ಮ ಮನೆಯ ಹೆಂಗಸರ ಎದೆಗೇ ಸಿಗುತ್ತದೆ. ಹವಾಮಾನದ ಲೆಕ್ಕ ಆಮೇಲಿನದು.

ನಾವು ಮಾಡಬಹುದಾದದ್ದು ಇಷ್ಟು. ಗ್ಯಾಸ್ ಸಂಪರ್ಕ ಇದ್ದೂ ಸಿಲಿಂಡರಿನ ಖರ್ಚಿಗೆ ಹೆದರಿ ಪುನಃ ಸೌದೆಗೆ ತಿರುಗಿದ ಮನೆಗಳು ಬಹಳ. ಆ ಖರ್ಚನ್ನು ಹೆಂಗಸರ ಆರೋಗ್ಯದ ಖರ್ಚೆಂದು ತಿಳಿದು ಮನೆಯ ಯಜಮಾನರು ಮೊದಲೇ ತೆಗೆದಿಡಲಿ. ನಾಲ್ಕೈದು ದನಗಳಿರುವವರು ಗೋಬರ್ ಗ್ಯಾಸ್ ಕಟ್ಟಿಸಿಕೊಳ್ಳಿ. ಅಡುಗೆಗೆ ಉರಿ, ಹೊಲಕ್ಕೆ ಒಳ್ಳೆಯ ಗೊಬ್ಬರ. ಎರಡೂ ಆಗದಿದ್ದರೆ ಹೊಗೆ ಕೊಳವೆ ಇರುವ ಒಲೆ ಹಾಕಿಸಿ, ಚೆನ್ನಾಗಿ ಒಣಗಿದ ಸೌದೆಯನ್ನೇ ಉರಿಸಿ. ರಾಮನಾಥನ್ ಓದಿದ ಅದೇ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ ನಮ್ಮಲ್ಲಿ ಹಿರಿಯರಿಗೆ ಗೊತ್ತಿರುವಂಥದೇ. ಕೊಳವೆಯಲ್ಲಿ ಕಟ್ಟಿದ ಮಸಿಯನ್ನು ಆಗಾಗ ಕೆರೆದು ತೆಗೆಯಬೇಕು. ಅಡುಗೆ ಮಾಡುವಾಗ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಒಲೆ ಮುಂದೆ ಕೂರುವುದು ಬೇಡ.

ಹೊಲದ ವಿಚಾರಕ್ಕೆ ಬಂದರೆ, ‘ಸ್ವಾಮಿ, ತರಗಿಗೆ ಬೆಂಕಿ ಇಟ್ಟರೆ ಬೂದಿ ಗೊಬ್ಬರ ಆಗುತ್ತಲ್ಲ?’ ಎಂದು ಕೇಳುವವರಿದ್ದಾರೆ. ಬೂದಿಯಲ್ಲಿ ಪೊಟ್ಯಾಷ್ ಒಂದಿಷ್ಟು ಉಳಿಯುವುದು ನಿಜ. ಆದರೆ ಸಾರಜನಕ ಬಹುಪಾಲು ಹೊಗೆಯೊಡನೆ ಹೋಗುತ್ತದೆ, ಮೇಲ್ಮಣ್ಣಿನ ಎರೆಹುಳುಗಳು ಸಾಯುತ್ತವೆ. ಒಂದು ಎಕರೆ ಕಬ್ಬಿನಲ್ಲಿ ಮೂರು ನಾಲ್ಕು ಟನ್ ತರಗು ಸಿಗುತ್ತದೆ. ಅದನ್ನು ಸಾಲು ಬಿಟ್ಟು ಸಾಲಿಗೆ ಹರಡಿ, ಸಗಣಿ ಬಗ್ಗಡ ಚಿಮುಕಿಸಿದರೆ ಕೊಳೆತು ಮಣ್ಣಿಗೆ ಸೇರುತ್ತದೆ. ತೇವ ನಿಲ್ಲುತ್ತದೆ, ಕಳೆಯೂ ಕಡಿಮೆ. ಆಳಿನ ಖರ್ಚು ಇದ್ದೇ ಇದೆ. ಆದ್ದರಿಂದ ಒಬ್ಬೊಬ್ಬರೇ ಮಾಡುವ ಬದಲು ನೆರೆಹೊರೆಯ ನಾಲ್ಕು ಮನೆಯವರು ಮುಯ್ಯಾಳು ಮಾಡಿಕೊಂಡರೆ ಹಗುರವಾಗುತ್ತದೆ.

ಈ ಸುಗ್ಗಿಯಲ್ಲಿ ಒಂದು ಎಕರೆಯನ್ನಾದರೂ ಸುಡದೆ ಬಿಟ್ಟು ನೋಡಿ. ಬರುವ ವರ್ಷದ ಕೂಳೆ ಬೆಳೆಯನ್ನು ಸುಟ್ಟ ಎಕರೆಯ ಪಕ್ಕದಲ್ಲಿಟ್ಟು ನೀವೇ ಹೋಲಿಸಿ.